ಒಮಾನಿನಲ್ಲಿ ಏಳು ಪ್ರತಿಗಳಿವೆ

ಮೇ 4, 1990, ಶುಕ್ರವಾರ. ಅಲ್ ಖುವೈರ್, ಮಸ್ಕತ್

ಇವತ್ತು ಊಟಕ್ಕೆ ಮೊದಲು ಅಪ್ಪ ನನ್ನನ್ನು ವಿದ್ವಾಂಸೆ ಮಾಡಿಬಿಟ್ಟರು. ನನ್ನನ್ನು ಕೇಳಲಿಲ್ಲ. ನಾನು ಕಿಚನ್‌ನಲ್ಲಿ ಸೌತೆಕಾಯಿ ಕಟ್ ಮಾಡುತ್ತಿದ್ದೆ.

ಹಾಲ್‌ನಲ್ಲಿ ಕರಾವಳಿ ಬಳಗದ ಕಮಿಟಿ ಮೀಟಿಂಗ್ ನಡೆದಿತ್ತು. ಅಧ್ಯಕ್ಷರು ನೊರ್ಬರ್ಟ್ ಅಂಕಲ್, ಇನ್ಶೂರೆನ್ಸ್ ಆಫೀಸಿನವರು. ಮೆಂಬರ್ ಸೇಸಪ್ಪ ಅಂಕಲ್, ಹೈವೇ ಪಕ್ಕದ ಹೋಟೆಲಿನವರು. ಲೈಬ್ರರಿಯನ್ ನನ್ನ ಅಪ್ಪ ಭೋಜರಾಜ, ಏಸಿ ಕಂಪೆನಿಯ ಸ್ಟೋರ್‌ಕೀಪರ್. ಜೂನ್ ಎಂಟಕ್ಕೆ ಒಂದು ವಿಚಾರ ಸಂಕಿರಣ ಅಂತ ಡಿಸೈಡ್ ಆಯಿತು: 'ಬೆಳ್ಮಣ್ಣು ಪೂವಪ್ಪನವರ ಶಾಶ್ವತ ಮಹತ್ವ ಮತ್ತು ಮುಂದಿನ ಅಧ್ಯಯನ'. ಪೂವಪ್ಪನವರು ದಕ್ಷಿಣದ ಅತಿ ದೊಡ್ಡ ಕಾದಂಬರಿಕಾರರು. ಇಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ.

ಶಾಶ್ವತ ಮಹತ್ವಕ್ಕೆ ನೊರ್ಬರ್ಟ್ ಅಂಕಲ್ ಹತ್ತು ನಿಮಿಷ ತೆಗೆದುಕೊಂಡರು. ಮುಂದಿನ ಅಧ್ಯಯನ ಯಾರಿಗೆ ಎಂದು ಕೇಳಿದಾಗ ಸೇಸಪ್ಪ ಅಂಕಲ್, ಮುಂದಿನದ್ದೆಲ್ಲ ಮಕ್ಕಳ ಡಿಪಾರ್ಟ್‌ಮೆಂಟ್ ಅಲ್ಲವಾ ಅಂದರು. ಅಪ್ಪ ತಕ್ಷಣ, ನನ್ನ ಮಗಳು ಮಂಗಳೂರಿನಲ್ಲಿ ಫಸ್ಟ್ ಬಿ.ಎ., ಒಂದು ವರ್ಷ ಪೂರ್ತಿ ಪೂವಪ್ಪನವರನ್ನೇ ಓದಿದ್ದಾಳೆ ಅಂದರು. ನನಗೆ ನಲವತ್ತೈದು ನಿಮಿಷ ಕೊಟ್ಟಿದ್ದಾರೆ.

ಫ್ಯಾಕ್ಟ್ ಏನೆಂದರೆ, ಪೂವಪ್ಪನವರ 'ಏಳು ಕಡವು' ನಮಗೆ ಟೆಕ್ಸ್ಟ್ ಆಗಿತ್ತು, ಎಂಟುನೂರ ನಲವತ್ತು ಪುಟ, ನಾನು ಒಂದು ಪುಟವೂ ಓದಲಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಕೊರಳಿಗೆ ಬೋರ್ಡ್ ಹಾಕುತ್ತಿದ್ದರು. ಈಗ ಕನ್ನಡದ ಉದ್ದ ಪುಸ್ತಕ ನೋಡಿದರೆ ಕೈ ತಾನಾಗಿ ಕೊರಳು ಮುಟ್ಟುತ್ತದೆ. ಎಕ್ಸಾಮಿನಲ್ಲಿ ಇಪ್ಪತ್ತು ಮಾರ್ಕಿಗೆ 'ಬಾಗಿಯ ಬಗ್ಗೆ ಬರೆಯಿರಿ' ಅಂತ ಬಂತು. ಬಾಗಿ ಹೆಂಗಸೋ ಊರೋ ನನಗೆ ಗೊತ್ತಿರಲಿಲ್ಲ. ಎರಡಕ್ಕೂ ಹೊಂದುವ ಹಾಗೆ ಆರು ಪುಟ ಬರೆದೆ. ಬಾಗಿ ಬಹಳ ಸುಂದರ. ಬಾಗಿಯಲ್ಲಿ ಶಾಂತಿಯಿದೆ. ಬಾಗಿಯನ್ನು ಒಮ್ಮೆ ನೋಡಿದವರು ಮತ್ತೆ ಬರುತ್ತಾರೆ.

ರಿಸಲ್ಟ್ ಜೂನ್ ಮೊದಲ ವಾರ. ಫೇಲ್ ಆದರೆ ಹಾಸ್ಟೆಲ್ ಸಾಕು, ಇಲ್ಲೇ ಕುಳಿತು ಟೈಪಿಂಗ್ ಕಲಿ ಎಂದು ಅಪ್ಪ ಮೊದಲೇ ಹೇಳಿದ್ದಾರೆ.

ಇವತ್ತು ಕಚ್ಚಿದ ಉಗುರು: ನಾಲ್ಕು.

ಮೇ 6, ಭಾನುವಾರ

ಅಪ್ಪನ ಹತ್ತಿರ ಪುಸ್ತಕ ಕೇಳಿದೆ. ರೆಫರ್ ಮಾಡಲಿಕ್ಕೆ ಅಂದೆ, ಓದಲಿಕ್ಕೆ ಅನ್ನಲಿಲ್ಲ.

ಅಪ್ಪ ಲೈಬ್ರರಿ ರಿಜಿಸ್ಟರ್ ತಂದರು. ಲೈಬ್ರರಿ ಅಂದರೆ ನಮ್ಮ ಬೆಡ್‌ರೂಮಿನ ಸ್ಟೀಲ್ ಕಪಾಟು. ಕಂಪ್ರೆಸರ್‌ಗಳನ್ನು ಬರೆದಿಡುವ ರೀತಿಯಲ್ಲೇ ಬರೆದಿದ್ದಾರೆ: 'ಏಳು ಕಡವು. ಬಂದ ದಿನ 12-8-84. 7 ನಂಬರ್ಸ್. ಸ್ಥಿತಿ ಉತ್ತಮ.' ಪಕ್ಕದಲ್ಲಿ ಏಳು ಹೆಸರು. ಬಳಗದ ಹಳೆಯ ಸೆಕ್ರೆಟರಿ ಕೊಗ್ಗ ಅವರು ಊರಿನಿಂದ ಬರುವಾಗ, ಜೊತೆಗೆ ಹಾರಿದವರ ಕೈಯಲ್ಲಿ ಒಂದೊಂದು ಕಟ್ಟು ಕೊಟ್ಟಿದ್ದರಂತೆ. ಇಲ್ಲಿ ಯಾರು ಊರಿಗೆ ಹೋದರೂ ಬಂದರೂ ಬೇರೆಯವರ ಕಟ್ಟು ಹೊರದೆ ವಿಧಿಯಿಲ್ಲ. ಆಮೇಲೆ ಕೊಗ್ಗ ಅವರಿಗೆ ದೋಹಾಕ್ಕೆ ಟ್ರಾನ್ಸ್‌ಫರ್ ಆಯಿತು. ಹೊತ್ತು ತಂದವರು ತಂದದ್ದನ್ನು ಮನೆಯಲ್ಲೇ ಇಟ್ಟುಕೊಂಡು ಓದಲಿ ಎಂದು ಅಪ್ಪನೇ ಹೇಳಿದರು.

"ಬಹರೈನ್‌ನಲ್ಲಿ ಎಷ್ಟು ಉಂಟು ಗೊತ್ತುಂಟಾ? ಎರಡು. ನಮ್ಮಲ್ಲಿ ಏಳು," ಅಂದರು ಅಪ್ಪ. ಊರಿನ ವಾರಪತ್ರಿಕೆಯಲ್ಲೂ ಅದು ಬಂದಿದೆ. ಕಟಿಂಗ್ ಅನ್ನು ರಿಜಿಸ್ಟರ್‌ಗೆ ಅಂಟಿಸಿದ್ದಾರೆ.

ಉಗುರು: ಎರಡು. ಉಳಿದದ್ದೇ ಅಷ್ಟು.

ಮೇ 11, ಶುಕ್ರವಾರ

ಸೀಬ್‌ಗೆ, ರಿಜಿಸ್ಟರಿನ ನಾಲ್ಕನೇ ಹೆಸರಾದ ಫ್ರೆಡ್ಡಿ ಅಂಕಲ್ ಮನೆಗೆ ಹೋಗಿ ಒಂದು ಪ್ರತಿ ತಂದೆ. ಏರ್‌ಲೈನ್ ಕ್ಯಾಲೆಂಡರಿನ ರಟ್ಟು ಹಾಕಿ, ಬೈಂಡ್ ಮಾಡಿ, ಬೈಬಲ್ಲಿನ ಪಕ್ಕದಲ್ಲಿ ಇಟ್ಟಿದ್ದರು. ನಾನು ಅಂದುಕೊಂಡದ್ದಕ್ಕಿಂತ ತೆಳು. ಥ್ಯಾಂಕ್ ಗಾಡ್.

ಆದರೆ ಶುರುವಾಗುವುದೇ ಪುಟ 361ರಿಂದ. ಅದೂ ವಾಕ್ಯದ ಅರ್ಧದಿಂದ: 'ಎಂದರೂ ಬಾಗಿ ದೋಣಿಯಿಂದ ಇಳಿಯಲಿಲ್ಲ.'

ಬಾಗಿ ಹೆಂಗಸು. ಆರು ಪುಟ ವೇಸ್ಟ್.

ಯಾಕೆ ಹೀಗೆ ಶುರುವಾಗುತ್ತದೆ ಎಂದು ಫ್ರೆಡ್ಡಿ ಅಂಕಲ್‌ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಏಸಿ ನೋಡಿದರು. "ಮಾಡರ್ನ್ ಅಲ್ವಾ ಮಗಳೇ, ನಡುವಿನಿಂದಲೇ ಸ್ಟಾರ್ಟ್. ನಿಮಗೆ ಕಾಲೇಜಲ್ಲಿ ಹೇಳಿರ್ಬೇಕಲ್ಲ." ಹೇಳಿದ್ದಾರೆ ಅಂದೆ.

ಅವರ ಹೆಂಡತಿ ಪ್ಯಾಟ್ರಿಷಿಯಾ ಆಂಟಿ ಪುಸ್ತಕವನ್ನು ಮೂರು ಸಲ ಓದಿದ್ದಾರೆ. ಬಾಗಿ ಇಳಿಯದೇ ಇದ್ದದ್ದು ಸರಿ ಎಂಬುದು ಅವರ ಅಭಿಪ್ರಾಯ. ಇಳಿದರೆ ಅಡುಗೆ ಮಾಡುವುದು ಯಾರು ಎಂದು ಕೇಳಿದರು.

ಮೇ 13, ಭಾನುವಾರ

ಪೇಪರ್ ಶುರು ಮಾಡಿದೆ. ಟೈಟಲ್: 'ಪೂವಪ್ಪನವರಲ್ಲಿ ಮಧ್ಯಾರಂಭದ ತಂತ್ರ'. ಟೆಕ್ನಿಕ್ ಅಂದರೆ ಯಾರೂ ಕ್ವೆಶ್ಚನ್ ಕೇಳುವುದಿಲ್ಲ.

ದಿನಕ್ಕೆ ಹದಿನೈದು ಪುಟ ಓದುತ್ತಿದ್ದೇನೆ, ಬೆರಳಿಟ್ಟು. ಅರ್ಥವಾಗದ ಪದಗಳನ್ನು ಅಮ್ಮನಿಗೆ ಕೇಳುತ್ತೇನೆ. ಬಾಗಿ ಕಡವಿನವನ, ಅಂದರೆ ಹೊಳೆ ದಾಟಿಸುವ ದೋಣಿಯವನ, ಹೆಂಡತಿ. ಗಂಡನ ಮನೆಯ ದಡಕ್ಕೂ ಬೇಡ, ತವರಿನ ದಡಕ್ಕೂ ಬೇಡ ಎಂದು ದೋಣಿಯಲ್ಲೇ ಕುಳಿತಿದ್ದಾಳೆ. ಪುಟ 402. ಪಂಚಾಯಿತಿಯವರು ದಡದಲ್ಲಿ ಚಪ್ಪರ ಹಾಕಿ ಮಾತಾಡುತ್ತಿದ್ದಾರೆ. ಪುಟ 431. ಇನ್ನೂ ಇಳಿದಿಲ್ಲ. ಅಮ್ಮ ಪದದ ಅರ್ಥ ಹೇಳಿ ಹೋಗುವುದು ಬಿಟ್ಟು, ಪಲ್ಯದ ಪಾತ್ರೆ ಹಿಡಿದುಕೊಂಡು ಪಕ್ಕದಲ್ಲೇ ನಿಲ್ಲುತ್ತಾಳೆ.

ಉಗುರು: ಒಂದು.

ಮೇ 18, ಶುಕ್ರವಾರ

ಸೇಸಪ್ಪ ಅಂಕಲ್ ಹೋಟೆಲಿಗೆ ನೀರುದೋಸೆ ತಿನ್ನಲು ಹೋದೆವು. ಬಾಗಿ ದೋಣಿಯಲ್ಲಿ ಕುಳಿತಿರುವ ಸೀನ್ ಎಷ್ಟು ಲಾಂಗ್ ಅಲ್ಲವಾ ಎಂದು ಸುಮ್ಮನೆ ಮಾತಿಗೆ ಹೇಳಿದೆ. ಅವರು ಟೇಬಲ್ ಒರೆಸುವುದನ್ನು ನಿಲ್ಲಿಸಿದರು.

"ಎಂತ ದೋಣಿ ಮಾರಾಯ್ತಿ? ಬಾಗಿ ಎರಡನೇ ಪುಟದಲ್ಲಿ ಸತ್ತಿದ್ದಾಳಲ್ಲ."

ಅವರ ಪ್ರತಿಯಲ್ಲಿ ಬಾಗಿಯ ಹೆಣ ನದಿಯಲ್ಲಿ ಸಿಕ್ಕಿ, ಅದನ್ನು ಯಾವ ದಡದಲ್ಲಿ ಸುಡಬೇಕೆಂದು ಎರಡೂ ಊರಿನವರು ಪುಸ್ತಕ ಮುಗಿಯುವವರೆಗೆ ಜಗಳಾಡುತ್ತಾರಂತೆ. ಬಹಳ ದುಃಖದ ಕಾದಂಬರಿ, ನಾನು ಎರಡು ಸಲ ಅತ್ತಿದ್ದೇನೆ ಎಂದರು. ಅಪ್ಪ ತಲೆಯಾಡಿಸಿದರು. ಅಪ್ಪ ಓದಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಪುಸ್ತಕವನ್ನು ತೋರಿಸಿ ಎಂದೆ. ಗಲ್ಲಾದ ಡ್ರಾಯರಿನಿಂದ ತೆಗೆದುಕೊಟ್ಟರು. ಮೊದಲ ಪುಟ 481. ಫ್ರೆಡ್ಡಿ ಅಂಕಲ್ ಪುಸ್ತಕದ ಕೊನೆಯ ಪುಟ 480. ಬ್ಯಾಗಿನಲ್ಲೇ ಇತ್ತು, ತೆಗೆದು ಮೇಜಿನ ಕೆಳಗೆ ಎರಡನ್ನೂ ಬೆನ್ನಿಗೆ ಬೆನ್ನು ಜೋಡಿಸಿದೆ. ಒಂದೇ ಪುಸ್ತಕ. ಬೆನ್ನಿನಲ್ಲಿ ಕತ್ತಿಯಿಂದ ಕಡಿದ ಗುರುತು ಎರಡಕ್ಕೂ ಒಂದೇ.

ಎಂಟುನೂರ ನಲವತ್ತು ಭಾಗಿಸು ಏಳು, ನೂರ ಇಪ್ಪತ್ತು.

ಮನೆಗೆ ಬಂದು ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದೆ. ಎಂಬತ್ತನಾಲ್ಕರಲ್ಲಿ ಅದೇ ವಿಮಾನದಲ್ಲಿ ಅಮ್ಮನೂ ಬಂದದ್ದು. ಬೊಂಬಾಯಿ ಏರ್‌ಪೋರ್ಟಿನಲ್ಲಿ ಕೊಗ್ಗ ಅವರ ಪೆಟ್ಟಿಗೆ ತೂಕ ಹೆಚ್ಚಾಯಿತಂತೆ. ಅಮ್ಮನ ಚೀಲದಿಂದ ತೆಂಗಿನಕಾಯಿ ಸುಲಿಯುವ ಕತ್ತಿ ಕೇಳಿ ತೆಗೆದುಕೊಂಡು ಕಂಬದ ಹಿಂದೆ ಹೋಗಿ ಏನನ್ನೋ ತುಂಡು ಮಾಡಿದರಂತೆ.

"ಹಲಸಿನಹಣ್ಣು ಅಂತ ಅಂದುಕೊಂಡಿದ್ದೆ," ಅಂದಳು ಅಮ್ಮ.

ಮೇ 19, ಶನಿವಾರ

ಅಪ್ಪನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ವಾರಪತ್ರಿಕೆಗೆ ಮತ್ತೊಂದು ಲೆಟರ್ ಬರೆಯುತ್ತಿದ್ದರು. ಸಂಕಿರಣದಲ್ಲಿ ಏಳು ಪ್ರತಿಗಳನ್ನೂ ಏಳು ಓದುಗರನ್ನೂ ಒಂದೇ ವೇದಿಕೆಯಲ್ಲಿ ಸನ್ಮಾನಿಸುವುದು. ನೊರ್ಬರ್ಟ್ ಅಂಕಲ್ ಏಳು ಶಾಲಿಗೆ ಆರ್ಡರ್ ಕೊಟ್ಟಾಗಿದೆ.

ಆರು ವರ್ಷ ಏಳು ಜನ ಏಳು ಬೇರೆ ಬೇರೆ ಕಾದಂಬರಿ ಓದಿದ್ದಾರೆ. ಆ ಎಂಟ್ರಿ ಬರೆದದ್ದು ನನ್ನ ಅಪ್ಪ. ಅದರ ಮೇಲೆ ನಲವತ್ತೈದು ನಿಮಿಷ ಮಾತಾಡಬೇಕಾದವಳು ನಾನು.

ಮೇ 31, ಗುರುವಾರ. ಇಬ್ರಿ

ಅಪ್ಪ ಇಬ್ರಿಯ ಒಂದು ಅಂಗಡಿಗೆ ಸ್ಪೇರ್ ಪಾರ್ಟ್ಸ್ ಕೊಂಡೊಯ್ಯುವವರಿದ್ದರು. ನಾನೂ ಹೊರಟೆ. ರಿಜಿಸ್ಟರಿನ ಏಳನೇ ಹೆಸರು ಅಲ್ಲಿದೆ: ಮ್ಯಾಕ್ಸಿಮ್, ಜನರೇಟರ್ ಮೆಕ್ಯಾನಿಕ್, ಒಂಟಿ. ಅಪ್ಪ ಸೂಕ್‌ಗೆ, ಅಂದರೆ ಪೇಟೆಗೆ, ಹೋದಾಗ ನಾನು ಅವರ ರೂಮಿನಲ್ಲಿ ಕುಳಿತೆ.

ಪುಸ್ತಕವನ್ನು ಕೈಗೆ ಕೊಡಲಿಲ್ಲ. ಪ್ರತಿ ಶುಕ್ರವಾರ ಚರ್ಚಿನ ಪೂಜೆಯ ಬದಲು ಇದನ್ನು ಓದುತ್ತೇನೆ ಎಂದರು. ಇಗರ್ಜಿ ಮಸ್ಕತ್ತಿನಲ್ಲಿದೆ, ಮುನ್ನೂರು ಕಿಲೋಮೀಟರ್. ಅವರ ಬಾಗಿ ಬದುಕಿದ್ದಾಳೆ. ಹೊಸ ಸೇತುವೆಯ ಬುಡದಲ್ಲಿ ಚಹಾದಂಗಡಿ ಇಟ್ಟಿದ್ದಾಳೆ, ತಲೆ ನರೆತಿದೆ, ಯಾರ ಮಾತಿಗೂ ನಗುತ್ತಾಳೆ.

ಬಾಗಿಲು ಹಾಕಿದೆಯೇ ಎಂದು ನೋಡಿ, ಅವರು ಒಂದು ಮಾತು ಕೇಳಿದರು. "ನೀನು ಫುಲ್ ಓದಿದವಳು. ಯಾರಿಗೂ ಹೇಳ್ಬೇಡ. ನನ್ನ ಕಾಪಿ ಡಿಫೆಕ್ಟ್ ಉಂಟು. ಮೊದಲಿನ ಪುಟಗಳೇ ಇಲ್ಲ. ಬೇರೆ ಆರು ಜನರ ಹತ್ತಿರ ಸರಿ ಇರುವಾಗ ನಾನೊಬ್ಬ ಕಂಪ್ಲೇಂಟ್ ಮಾಡುವುದು ಹೇಗೆ? ಈ ಹೆಂಗಸು ಮೊದಲು ಎಂತ ಮಾಡ್ತಿದ್ದಳು?"

ಆರು ವರ್ಷದಿಂದ ಅವರಿಗೆ ಇದೇ ಚಿಂತೆ. ಫ್ರೆಡ್ಡಿ ಅಂಕಲ್ ಯಾಕೆ ಏಸಿ ನೋಡಿದರು ಎಂದು ನನಗೆ ಈಗ ಅರ್ಥವಾಯಿತು.

ನಾನೂ ಓದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹಾರ್ನ್ ಕೇಳಿತು. ಅಪ್ಪ ಬಂದಿದ್ದರು.

ಜೂನ್ 5, ಮಂಗಳವಾರ

ರಿಸಲ್ಟ್ ಬಂತು. ಅಪ್ಪ ಪೋಸ್ಟ್ ಬಾಕ್ಸಿನಿಂದ ತಂದು, ಒಡೆಯದೆ, ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಬಾತ್‌ರೂಮಿನಲ್ಲಿ ಒಡೆದೆ.

ಕನ್ನಡ: ನೂರಕ್ಕೆ ಹನ್ನೊಂದು. ಉಳಿದದ್ದೆಲ್ಲ ಪಾಸ್. ಅಕ್ಟೋಬರಿನಲ್ಲಿ ಸಪ್ಲಿಮೆಂಟರಿಗೆ ಕೂರಬಹುದು, ಫಾರ್ಮ್ ಅದರೊಳಗೇ ಇದೆ.

ಹೊರಗೆ ಬಂದಾಗ ಅಪ್ಪ, ಬಂತಲ್ಲ ಎಂದರು. ಬಂತು ಎಂದೆ. ಅವರು ನೊರ್ಬರ್ಟ್ ಅಂಕಲ್‌ಗೆ ಫೋನ್ ಮಾಡಿ ಪಾಸ್ ಎಂದರು. ಅಮ್ಮ ಹೆಸರುಬೇಳೆ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ. ಯಾರಾದರೂ ನೋಡುತ್ತಿದ್ದರೆ ಸುಳ್ಳು ಹೇಳಿದವಳ ಹಾಗೆ ಕಾಣುತ್ತಿರಲಿಲ್ಲ, ಹಸಿದವಳ ಹಾಗೆ ಕಾಣುತ್ತಿದ್ದೆ.

ಜೂನ್ 8, ಶುಕ್ರವಾರ

ಎಲ್ಲವನ್ನೂ ಬರೆಯಬೇಕು.

ಸೀಬ್‌ನ ಒಂದು ಹಾಲ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಎಂಬತ್ತು ಜನ ಸೇರಿದ್ದರು. ವೇದಿಕೆಯಲ್ಲಿ ಏಳು ಕುರ್ಚಿ, ಏಳು ಓದುಗರು, ಪ್ರತಿಯೊಬ್ಬರ ಮಡಿಲಲ್ಲಿ ರಟ್ಟು ಹಾಕಿದ ಒಂದು ಪುಸ್ತಕ, ಮೇಲೆ ಶಾಲು. ಹೊರಗೆ ನಲವತ್ತನಾಲ್ಕು ಡಿಗ್ರಿ, ಒಳಗೆ ಉಣ್ಣೆ.

ನೊರ್ಬರ್ಟ್ ಅಂಕಲ್ ಶಾಶ್ವತ ಮಹತ್ವದ ಬಗ್ಗೆ ಮಾತಾಡಿದರು. ಪೂವಪ್ಪನವರು ಮಹಾ ಲೇಖಕರು, ಯಾಕೆಂದರೆ ಒಮಾನಿನಂಥ ದೂರದ ದೇಶದಲ್ಲೂ ಅವರ ಏಳು ಪ್ರತಿಗಳಿವೆ. ಏಳು ಪ್ರತಿಗಳು ಇಲ್ಲಿಗೆ ಬಂದದ್ದು ಯಾಕೆಂದರೆ ಅವರು ಮಹಾ ಲೇಖಕರು. ಹತ್ತು ನಿಮಿಷ ಇದನ್ನೇ ಎರಡೂ ಕಡೆಯಿಂದ ಹೇಳಿದರು. ಚಪ್ಪಾಳೆ ಬಿತ್ತು.

ಆಮೇಲೆ ಓದುಗರು ಎರಡೆರಡು ಮಾತು ಹೇಳಬೇಕಿತ್ತು. ಸೇಸಪ್ಪ ಅಂಕಲ್ ಬಾಗಿಯ ಸಾವಿನ ಬಗ್ಗೆ ಹೇಳಿ ಕಣ್ಣೊರೆಸಿಕೊಂಡರು. ಮ್ಯಾಕ್ಸಿಮ್ ಅಂಕಲ್ ಎದ್ದು ನಿಂತರು. ಬಾಗಿ ಸತ್ತಿಲ್ಲ, ಚಹಾ ಮಾಡುತ್ತಿದ್ದಾಳೆ ಎಂದರು. ಪ್ಯಾಟ್ರಿಷಿಯಾ ಆಂಟಿ ಕುಳಿತಲ್ಲಿಂದಲೇ, ದೋಣಿಯಿಂದ ಇಳಿಯದವಳು ಚಹಾ ಮಾಡುವುದು ಎಲ್ಲಿ ಎಂದು ಕೇಳಿದರು. ಮೊದಲ ಕುರ್ಚಿಯಲ್ಲಿದ್ದ ಸೀಬಿನ ನರ್ಸ್ ಆಮಿನಾ ಆಂಟಿ ಬಹಳ ಮೆಲ್ಲನೆ, ಈ ಬಾಗಿ ಯಾರು, ನನ್ನ ಪುಸ್ತಕದಲ್ಲಿ ಅವಳು ಇನ್ನೂ ಹುಟ್ಟಿಲ್ಲವಲ್ಲ ಎಂದರು.

ಗದ್ದಲವಾಯಿತು. ಸಭೆಯಲ್ಲಿ ಬಾಗಿ ಸತ್ತಳೆನ್ನುವವರದ್ದು ಒಂದು ಪಕ್ಷ, ಬದುಕಿದ್ದಾಳೆನ್ನುವವರದ್ದು ಇನ್ನೊಂದು. ಎರಡರಲ್ಲೂ ಪುಸ್ತಕ ನೋಡಿದವರಿರಲಿಲ್ಲ. ನೊರ್ಬರ್ಟ್ ಅಂಕಲ್ ಇದನ್ನು ವೋಟಿಗೆ ಹಾಕೋಣ ಎಂದರು. ನಲವತ್ತೆಂಟು ಕೈ ಸಾವಿಗೆ ಎದ್ದವು. ಆಗ ಯಾರೋ, ಕಾಲೇಜಿನ ಹುಡುಗಿಯನ್ನು ಕೇಳಿ ಎಂದರು.

ನಾನು ಮೈಕಿನ ಹತ್ತಿರ ಹೋದೆ. ಅಪ್ಪ ವೇದಿಕೆಯ ತುದಿಯಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದರು. ಇದು ಒಂದೇ ಪುಸ್ತಕ ಎಂದರೆ ಎಂಬತ್ತು ಜನರ ಎದುರು ತಪ್ಪು ಅಪ್ಪನದ್ದಾಗುತ್ತದೆ. ಹೇಳದಿದ್ದರೆ ಬಾಗಿಯ ಸಾವು ವೋಟಿನಿಂದ ಪಾಸಾಗುತ್ತದೆ. ಏನು ಹೇಳಬೇಕೆಂದು ಯೋಚಿಸುವ ಮೊದಲೇ ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ನಾನು ಈ ಪುಸ್ತಕದಲ್ಲಿ ಫೇಲ್. ನೂರಕ್ಕೆ ಹನ್ನೊಂದು. ಓದದೆಯೇ ಬರೆದೆ."

ಅಮ್ಮ ಎರಡನೇ ಸಾಲಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ. ನಿಮ್ಮ ಪುಸ್ತಕಗಳಲ್ಲಿ ಯಾವುದೂ ಡಿಫೆಕ್ಟ್ ಅಲ್ಲ, ಮೊದಲ ಪುಟದ ನಂಬರ್ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿ ಎಂದೆ. ಒಂದು. ನೂರ ಇಪ್ಪತ್ತೊಂದು. ಇನ್ನೂರ ನಲವತ್ತೊಂದು. ಫ್ರೆಡ್ಡಿ ಅಂಕಲ್ 'ಮುನ್ನೂರ ಅರವತ್ತೊಂದು' ಎನ್ನುವಾಗ ತಲೆ ತಗ್ಗಿಸಿದ್ದರು. ಸೇಸಪ್ಪ ಅಂಕಲ್ 'ನಾನೂರ ಎಂಬತ್ತೊಂದು' ಎಂದೊಡನೆ ತಲೆ ಎತ್ತಿ ನೋಡಿದರು. ಮ್ಯಾಕ್ಸಿಮ್ ಅಂಕಲ್‌ವರೆಗೆ ಬರುವಷ್ಟರಲ್ಲಿ ಏಳು ಜನರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಒಂದೇ ಕಾಯಿಲೆಗೆ ಒಂದೇ ಡಾಕ್ಟರ ಬಾಗಿಲಲ್ಲಿ ಸಿಕ್ಕಿದವರ ಹಾಗೆ.

ಅಪ್ಪ ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿದರು. ಕಟಿಂಗ್ ಅಂಟಿಸಿದ ಪುಟ. ಜೇಬಿನಿಂದ ಪೆನ್ನು ತೆಗೆದರು.

"ನಾನು ಆ ದಿನ ಡ್ಯೂಟಿಯಲ್ಲಿದ್ದೆ," ಎಂದರು ಮೈಕಿಗೆ. "ಏಳು ಜನಕ್ಕೆ ಫೋನ್ ಮಾಡಿ ಬಂತಾ ಕೇಳಿದೆ. ಬಂತು ಅಂದ್ರು. ಸ್ಥಿತಿ ಉತ್ತಮ ಅಂತ ಬರೆದೆ. ಮಾಲು ನೋಡದೆ ಎಂಟ್ರಿ ಮಾಡಿದ್ದು ನನ್ನ ಸರ್ವಿಸಿನಲ್ಲಿ ಅದೊಂದೇ."

'7 ನಂಬರ್ಸ್' ಹೊಡೆದು ಹಾಕಿ ಮೇಲೆ '1 ಸೆಟ್' ಎಂದು ಬರೆದು ಸಹಿ ಮಾಡಿದರು. ನೊರ್ಬರ್ಟ್ ಅಂಕಲ್ ಬಹರೈನಿನವರಿಗೆ ಏನು ಹೇಳುವುದು ಎಂದು ಕೇಳಿದರು. ಮ್ಯಾಕ್ಸಿಮ್ ಅಂಕಲ್ ಆಗಲೇ ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಆಮಿನಾ ಆಂಟಿಯ ಎದುರು ಕುಳಿತು, ಓದಿ, ಯಲ್ಲಾ, ಶುರು ಮಾಡಿ ಎಂದಿದ್ದರು.

ಆಮಿನಾ ಆಂಟಿ ಒಂದನೇ ಪುಟದಿಂದ ಓದಿದರು. ಅವರ ಭಾಗ ಮುಗಿಯುವಾಗ ಮೂರು ಗಂಟೆ. ಎದ್ದು ಹೋದವರು ಒಂಬತ್ತು ಜನ ಮಾತ್ರ, ಅವರಲ್ಲಿ ನಾಲ್ವರು ಮತ್ತೆ ಬಂದರು. ಮುಂದಿನ ಅಧ್ಯಯನ ಪ್ರತಿ ಗುರುವಾರ ಮತ್ತು ಶುಕ್ರವಾರ ನಮ್ಮ ಫ್ಲ್ಯಾಟಿನಲ್ಲಿ ನಡೆಯುವುದೆಂದು ನಿರ್ಣಯವಾಯಿತು.

ಕಾರಿನಲ್ಲಿ ಮನೆಗೆ ಹೊರಟೆವು. ಟೈಪಿಂಗ್ ಮಾತು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಏರ್‌ಪೋರ್ಟ್ ದಾಟಿದ ಮೇಲೆ ಅಪ್ಪ ಕೇಳಿದರು: "ಓದದೆ ಎಂತ ಬರೆದೆ ನೀನು?"

ಹೇಳಿದೆ. ಬಾಗಿ ಬಹಳ ಸುಂದರ, ಬಾಗಿಯಲ್ಲಿ ಶಾಂತಿಯಿದೆ. ಅಪ್ಪ ಸ್ಟಿಯರಿಂಗ್ ಹಿಡಿದುಕೊಂಡು ಎಷ್ಟು ನಕ್ಕರೆಂದರೆ ಅಮ್ಮ ಗಾಡಿ ಬದಿಗೆ ನಿಲ್ಲಿಸಲು ಹೇಳಿದಳು.

ಜೂನ್ 15, ಶುಕ್ರವಾರ

ಮೂರನೇ ಭಾಗ ಮುಗಿಯಿತು. ಬಾಗಿ ದೋಣಿ ಹತ್ತಿದಳು. ಯಾಕೆ ಹತ್ತಿದಳೆಂದು ತಿಳಿದಾಗ ಪ್ಯಾಟ್ರಿಷಿಯಾ ಆಂಟಿ ಎದ್ದು ಬಾಲ್ಕನಿಗೆ ಹೋದರು. ಆರು ವರ್ಷದಿಂದ ಅವರು ತಿಳಿದುಕೊಂಡಿದ್ದ ಕಾರಣ ಅದಲ್ಲ. ಇದು ಇನ್ನೂ ದೊಡ್ಡದು.

ಮಧ್ಯಾಹ್ನ ಮೂವತ್ತೊಂದು ಜನಕ್ಕೆ ಊಟ. ಚಪ್ಪಲಿಗಳು ಲಿಫ್ಟಿನವರೆಗೆ.

ಜೂನ್ 22, ಶುಕ್ರವಾರ

ಸೇಸಪ್ಪ ಅಂಕಲ್ ಓದುವ ದಿನ. ಮೂವತ್ತು ಪುಟ ಓದಿ, ಕಣ್ಣೊರೆಸಿಕೊಂಡು, ಪುಸ್ತಕವನ್ನು ನನ್ನ ಕಡೆ ಚಾಚಿದರು. ತೊಂಬತ್ತು ಪುಟ ನಾನು ಓದಿದೆ. ನಡುವೆ ಒಮ್ಮೆ ನೀರು ಕುಡಿದೆ.

ಜೂನ್ 28, ಗುರುವಾರ

ಇವತ್ತು ಆರನೆಯ ಭಾಗ. ಮ್ಯಾಕ್ಸಿಮ್ ಅಂಕಲ್‌ಗೆ ಇಬ್ರಿಯಲ್ಲಿ ಜನರೇಟರ್ ಕೆಟ್ಟು ರಜೆ ಸಿಗಲಿಲ್ಲ. ನಾಳೆ ತಮ್ಮ ಭಾಗ ಓದಲು ಬರುತ್ತಾರೆ. ಆದರೆ ಇವತ್ತಿನದು ತಿಳಿಯದೆ ನಾಳೆಯದನ್ನು ಯಾವ ಬಾಯಲ್ಲಿ ಓದಲಿ ಎಂದು ಐದು ಗಂಟೆಗೆ ಫೋನ್ ಮಾಡಿದರು. ಅಪ್ಪ ರಿಸೀವರನ್ನು ನನಗೆ ಕೊಟ್ಟರು.

ಸೋಫಾದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹೇಳಿದೆ. ನದಿಯಲ್ಲಿ ಸಿಕ್ಕಿದ್ದು ಬೇರೆ ಯಾರದೋ ಹೆಣ. ಎರಡೂ ಊರಿನವರು ಅದನ್ನು ಸುಡುವ ಜಾಗಕ್ಕಾಗಿ ಹೊಡೆದಾಡುವಾಗ ಬಾಗಿ ದೋಣಿಯಿಂದ ಇಳಿದು, ಇಬ್ಬರ ನಡುವಿನಿಂದಲೇ ನಡೆದು ಹೋದಳು. ಯಾರೂ ನೋಡಲಿಲ್ಲ, ಎಲ್ಲರೂ ಅವಳ ಬಗ್ಗೆ ಮಾತಾಡುತ್ತಿದ್ದರು. ಎಲ್ಲಿಗೆ ಹೋದಳು, ಯಾರ ಮನೆಯಲ್ಲಿ ಭತ್ತ ಕುಟ್ಟಿದಳು, ಸೇತುವೆ ಕಟ್ಟುವವರ ಜೊತೆ ಕಲ್ಲು ಹೊತ್ತದ್ದು, ಗಂಡನೇ ಅವಳನ್ನು ಗುರುತಿಸದೆ ನೀರು ಕೇಳಿದ್ದು, ಅವಳು ಕೊಟ್ಟದ್ದು, ಎಲ್ಲ ಹೇಳಿದೆ. ಅವರು ಆ ಕಡೆಯಿಂದ ಹೂಂ ಎನ್ನುತ್ತಿದ್ದರು.

ನಡುವೆ ಅಮ್ಮ ಬಂದು ಎದುರು ನಿಂತಳು. ಕೈಯಲ್ಲಿ ಅಪ್ಪನೇ ತುಂಬಿಸಿದ ಸಪ್ಲಿಮೆಂಟರಿ ಫಾರ್ಮ್. ಇವತ್ತು ಊರಿಗೆ ಹಾರುವವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಇವರ ಕೈಯಲ್ಲಿ ಹೋಗದಿದ್ದರೆ ಕೊನೆಯ ತಾರೀಖಿಗೆ ಮುಟ್ಟುವುದಿಲ್ಲ, ಸಹಿಯಾದರೂ ಮಾಡು ಎಂದಳು.

"ಹಾಗಾದ್ರೆ ನನ್ನದು ಶುರುವಾಗುವಾಗ ಅವಳಿಗೆ ಎಲ್ಲ ಗೊತ್ತುಂಟು," ಎಂದರು ಮ್ಯಾಕ್ಸಿಮ್ ಅಂಕಲ್. ಪುಟ ತೆರೆಯುವ ಸದ್ದಾಯಿತು. ನಾಳೆಯವರೆಗೆ ತಡೆಯಲಾಗುವುದಿಲ್ಲ, ಒಂದೇ ಪುಟ ಓದುತ್ತೇನೆ, ಕೇಳುತ್ತೀಯಾ ಎಂದರು.

ಕೇಳುತ್ತೇನೆ ಎಂದೆ. ಅಮ್ಮ ಪೆನ್ನನ್ನು ನನ್ನ ಬೆರಳುಗಳ ನಡುವೆ ಸಿಕ್ಕಿಸಿದಳು. ನಾನು ಅದೇ ಕೈಯಿಂದ, ಸ್ವಲ್ಪ ನಿಲ್ಲಲಿಕ್ಕೆ ಹೇಳು ಎಂದು ಸನ್ನೆ ಮಾಡಿದೆ.